ದೊಡ್ಡವ್ವ ಒಪ್ಪಿಸಿಕೊಂಡ ಫ್ರೆಂಚು

ಗದಗ ಹೊಸ ಜಿಲ್ಲೆಯಾದ ಮರುವರ್ಷವೋ ಅದರಾಚೆಯ ವರ್ಷವೋ, ಖಚಿತವಾಗಿ ಹೇಳಲಾರೆ. ಕಚೇರಿಗಳ ಫಲಕದ ಬಣ್ಣ ಇನ್ನೂ ಹಸಿಯಾಗಿತ್ತೆಂದು ನೆನಪು. ಆದರೆ ಹೊಸ ಜಿಲ್ಲೆ ಎಂದೊಡನೆ ಹಸಿ ಬಣ್ಣ ಯಾರಿಗಾದರೂ ನೆನಪಾದೀತು, ಹಾಗಾಗಿ ಅದನ್ನೂ ನಂಬುವುದಿಲ್ಲ. ಖಾತ್ರಿ ಇರುವುದು ಇಷ್ಟು: ಪಿಎಚ್‌ಡಿಗೆ ಹೆಸರು ಹಚ್ಚಿದ್ದೆ, ಅದಕ್ಕೆ ಒಂದು ವಿದೇಶಿ ಭಾಷೆಯಲ್ಲಿ ಪಾಸಾಗಬೇಕಿತ್ತು, ಫ್ರೆಂಚಿನ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಮೂರನೆಯ ಸಲವೂ ಹೋದರೆ ನೋಂದಣಿ ರದ್ದು.

ಆಗ ಮುಂಡರಗಿಯ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ವಾಸ ಗದಗಿಗೆ ಅಂಟಿದ ಬೆಟಗೇರಿಯಲ್ಲಿ, ದೊಡ್ಡವ್ವನ ಮನೆಯಲ್ಲಿ. ಅವ್ವ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಬೆಳೆಸಿದವಳು ಅವ್ವನ ಈ ಅಕ್ಕ. ಸೀರೆ ನೇಯುವುದು ಅವಳ ಕೆಲಸ. ಮುಂಜಾನೆ ಅವಳು ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತರೆ, ನಾನು ಬಸ್ಸಿನ ಹೊತ್ತಾಗುವವರೆಗೆ ಪಕ್ಕದ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದೆ.

"ದಿನಾ ಏನ್ ಗೊಣಗ್ತಿ ಅದು?"

"ಫ್ರೆಂಚ್ ಬೇ. 'ಬರೋದು' ಅನ್ನೋ ಕ್ರಿಯಾಪದ."

"ಬರಾಕ ಇಷ್ಟ್ಯಾಕ ಒದ್ದಾಡಬೇಕು? ಬಂದ, ಹೋದ, ಆತು."

ಹಾಗಲ್ಲ ಎಂದು ವಿವರಿಸಿದೆ. ಬಂದ ಎನ್ನುವುದು ಸುದ್ದಿಯಷ್ಟೇ. ಅವನು ಬಂದದ್ದು ಖುಷಿ ಎನ್ನುವಾಗಲೂ, ಬಂದಾನೋ ಇಲ್ಲವೋ ಸಂಶಯ ಎನ್ನುವಾಗಲೂ ಕ್ರಿಯಾಪದ ಬೇರೆ ವೇಷ ಹಾಕುತ್ತದೆ, ಆ ವೇಷದಲ್ಲಿ ನಾನು, ನೀನು, ಅವನು, ನಾವು, ನೀವು, ಅವರು ಎಂದು ಆರು ರೂಪಗಳಿವೆ, ನಾನು ಎರಡು ಸಲ ಮುಗ್ಗರಿಸಿದ್ದು ಅಲ್ಲೇ.

"ನಿನಗ ಹೇಳಿ ಮಾಡಿಸಿದ್ದು ನೋಡು. ಅನ್ನ ಹಾಕಿದ್ರೂ ಅನ್ನ ಹೌದೋ ಅಲ್ಲೋ ಅಂತ ನೋಡಾಂವ," ಅಂದಳು. ಆಮೇಲೆ, "ಮಗ್ಗಿ ಹೆಂಗ ಕಲ್ತಿದ್ದಿ? ಹಂಗ ಅನ್ನು. ಲಾಳಿಗೊಂದು."

ಸಣ್ಣವನಿದ್ದಾಗ ಮಗ್ಗಿಯನ್ನು ಅವಳು ಒಪ್ಪಿಸಿಕೊಂಡಿದ್ದು ಹಾಗೆಯೇ. ಲಾಳಿ ಆ ಕಡೆ ಓಡಿದರೆ ಎರಡೊಂದಲೆ ಎರಡು, ಈ ಕಡೆ ಬಂದರೆ ಎರಡೆರಡಲೆ ನಾಲ್ಕು. ಈಗ ಫ್ರೆಂಚೂ ಅದೇ ದಾರಿ ಹಿಡಿಯಿತು. ಕ ಝ ಸ್ವಾ ವನ್ಯು, ಖಟಕ್. ಕ ತ್ಯು ಸ್ವಾ ವನ್ಯು, ಖಟಕ್. ವಾರದೊಳಗೆ ನನಗಿಂತ ಮೊದಲು ಅವಳಿಗೇ ಬಂತು.

"ಐದನೇದು ನುಂಗಿದಿ. ಕ ವೂ ಸ್ವಾಯೇ ವನ್ಯು. ಮತ್ತ ಮೊದಲಿಂದ ಅನ್ನು."

ಇದನ್ನು ಬರೆಯುವಾಗ ಅವಳ ಉಚ್ಚಾರಣೆ ಪ್ಯಾರಿಸ್ಸಿನದೇ ಎಂಬಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ. ಅದೇ ನನ್ನ ಅನುಮಾನಕ್ಕೆ ಕಾರಣ. ಆ ಹೊತ್ತಿಗೆ ಅವಳ ಮುಂದಿನ ಹಲ್ಲುಗಳು ಬಿದ್ದಿದ್ದವು. ತಂಗಿ ಹೇಳುವಂತೆ ದೊಡ್ಡವ್ವ ಬರಿ ರಾಗ ಎಳೆಯುತ್ತಿದ್ದಳು, ಶಬ್ದ ತುಂಬಿದ್ದು ನಾನೇ. ಇರಬಹುದು. ಆದರೆ ನಾನು ತಪ್ಪಿದಾಗ ಲಾಳಿ ನಿಲ್ಲುತ್ತಿತ್ತು ಎಂಬುದನ್ನು ತಂಗಿಯೂ ಒಪ್ಪುತ್ತಾಳೆ.

ನೂಲಿಗೆ ಬಣ್ಣ ಹಾಕುವ ಕಾಕಾ ಒಂದು ದಿನ ಲಡಿಗಳನ್ನು ತಂದವರು ಬಾಗಿಲಲ್ಲೇ ನಿಂತರು.

"ಅಕ್ಕಾರ, ಹುಡುಗಗ ಜ್ವರಾ ಬಂದಾವೇನ್ರಿ?"

"ಮೂರನೇ ಸಲ ಪರೀಕ್ಷಾ ಐತಿ. ಸುಮ್ಮ ಕುಂಡ್ರಿ."

ಕಾಕಾ ಕೂತು ಕೇಳಿದರು. ಸ್ವಲ್ಪ ಹೊತ್ತಿಗೆ ಅವರ ಮೈಯೂ ತೂಗತೊಡಗಿತು. "ಮದರಸಾದಾಗ ನಾವೂ ಹಿಂಗ ತೂಗಿಕೋತ ಕಲ್ತೇವಿ. ಮೊದಲ ಬಾಯಿಗೆ ಬರಲಿ ತಮ್ಮಾ, ಅರ್ಥ ಹಿಂದಿಂದ ನಡಕೋತ ಬರತೈತಿ."

ಪರೀಕ್ಷೆ ಧಾರವಾಡದಲ್ಲಿ. ಒಳಗೆ ಕೂತಿದ್ದವರು ನಡುವಯಸ್ಸಿನ ಒಬ್ಬ ಮೇಡಂ. ಅವರು ಆರೂ ರೂಪ ಕೇಳಲಿಲ್ಲ. 'ನೀವು' ಎಂಬುದಕ್ಕೆ ಬರುವ ರೂಪ ಒಂದನ್ನೇ ಕೇಳಿದರು.

ರಾಗದಲ್ಲಿ ಮಗ್ಗಿ ಕಲಿತವರನ್ನು ಹದಿನೇಳೈದಲೆ ಎಷ್ಟು ಎಂದು ದಾರಿಯಲ್ಲಿ ತಡೆದು ಕೇಳಿ ನೋಡಿ. ಹದಿನೇಳೊಂದಲೆಯಿಂದ ಹೊರಡದೆ ಅವರಿಗೆ ಗತಿಯಿಲ್ಲ. ನಾನೂ ಮೊದಲಿನಿಂದ ಹೊರಟೆ. ಐದನೆಯದಕ್ಕೆ ನಿಲ್ಲಬೇಕಿತ್ತು. ನಿಲ್ಲಲಾಗದೆ ಆರನೆಯದನ್ನೂ ಮುಗಿಸಿದೆ.

"ನಾ ಒಂದ ಕೇಳಿದ್ದೆ," ಅಂದರು ಮೇಡಂ. "ಮತ್ತ ನೆಲಕ್ಕ ಕಾಲ್ಯಾಕ ಹೊಡೀತೀರಿ?"

ನೋಡಿಕೊಂಡೆ. ದೊಡ್ಡವ್ವ ಕುಣಿಯೊಳಗಿನ ಹಲಗೆ ತುಳಿಯುವ ಹಾಗೆ ನನ್ನ ಕಾಲು ಇನ್ನೂ ಆಡುತ್ತಿತ್ತು. ಇದ್ದದ್ದು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಬಾಯಿಪಾಠವಾಯಿತು, ಈಗ ಸ್ವಂತದ ಒಂದು ವಾಕ್ಯ ಹೇಳಿ ಅಂದರು. ಇದರ ಮೇಲೆಯೇ ಎಲ್ಲ ನಿಂತಿದೆ ಎಂದು ಅವರ ಮುಖ ಹೇಳುತ್ತಿತ್ತು. ಬಾಯಿಗೆ ಬಂದದ್ದನ್ನು ಫ್ರೆಂಚಿನಲ್ಲಿ ಹೇಳಿಬಿಟ್ಟೆ: ನನ್ನ ದೊಡ್ಡವ್ವ ಬಂದದ್ದು ನನಗೆ ಸಂತೋಷ.

"ಹೊರಗ ಕುಂತಾರೇನು? ಕರೀರಿ ಒಳಗ."

"ಇಲ್ರಿ ಮೇಡಂ, ಬೆಟಗೇರಿಯೊಳಗ ಅದಾರ."

ಅವರು ನಕ್ಕರು. ನಕ್ಕರೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಪಾಸಿಗೆ ಬೇಕಾದಷ್ಟೇ ಅಂಕ ಕೊಟ್ಟರು, ಒಂದೂ ಹೆಚ್ಚಿಲ್ಲ.

ಸಂಜೆ ಮನೆ ಮುಟ್ಟಿದಾಗ ಮಗ್ಗ ನಡೆದೇ ಇತ್ತು.

"ಪಾಸಾದೆ ಬೇ."

"ಆರೂ ಕೇಳಿದ್ರೇನು?"

"ಒಂದ ಕೇಳಿದ್ರು."

"ಹಂಗಾರ ಉಳಿದ ಐದು ದಂಡ ಹೋದುವು." ನನ್ನ ಹೆಗಲು ಹಿಡಿದು ಕುಣಿಯಿಂದ ಮೇಲೆದ್ದಳು. ಒಂದಿಷ್ಟು ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಒಲೆಯ ಕಡೆ ಹೋಗುತ್ತಾ, ನನ್ನತ್ತ ತಿರುಗದೆ ಕೇಳಿದಳು:

"ನಾಳಿಂದ ಏನ್ ಅಂತಿ ಮತ್ತ?"

ಮರುದಿನ ಮುಂಜಾನೆ ಅವಳು ಕುಣಿಗೆ ಇಳಿಯುವ ಮೊದಲೇ ಕಟ್ಟೆಯ ಮೇಲೆ ಹೋಗಿ ಕೂತೆ. ಯಾವ ಪರೀಕ್ಷೆಗೂ ಬೇಡದ ಇನ್ನೊಂದು ಕ್ರಿಯಾಪದವನ್ನು ಮೊದಲಿನಿಂದ ಓದತೊಡಗಿದೆ.