ಅನುಮಾನದಕ್ಕ ಮತ್ತು ಕೊನೆಯ ಲೇಸರು

ಗೋಡೆಯ ಮೇಲೆ ನೇರ ಗೆರೆ ಮೂಡಿಸುವ ಲೇಸರ್ ಡಬ್ಬಿಗಳನ್ನು ಜೋಡಿಸುವ ಆ ಎರಡು ಕೋಣೆಯ ಕಾರ್ಖಾನೆಯಲ್ಲಿ ಅವಳಿಗೆ ಅನುಮಾನದಕ್ಕ ಎಂದೇ ಹೆಸರು. ಹದಿನಾರು ವರ್ಷದಿಂದ ತಪಾಸಣೆಯ ಮೇಜು ಅವಳದು. ಲೇಸರಿನ ಪಕ್ಕದಲ್ಲಿ ಕೂತು ಅದರ ಬೆಳಕು ಅಳೆಯುವ ಸೆನ್ಸರಿನ ಕಣ್ಣು ನೆಟ್ಟಗಿದೆಯೇ ಎಂದು ನೋಡದೆ ಅವಳು ಯಾವ ಡಬ್ಬಿಯನ್ನೂ ಹೊತ್ತಿಸಿದವಳಲ್ಲ.

ಈ ಹುಚ್ಚು ಹತ್ತಿದ್ದು ಮನೆಯಲ್ಲಿ. ಅತ್ತೆಗೆ ಕಿವಿ ಮಂದ. "ಏನಂದೆ? ಜೋರಾಗಿ ಹೇಳೇ" ಎನ್ನುವರು, ಸೊಸೆ ಕೂಗುವಳು, "ಇನ್ನೂ ಜೋರಾಗಿ" ಎನ್ನುವರು. ಗಂಟಲು ಕಟ್ಟಿ ಮೂರು ದಿನ ಮಾತು ನಿಂತ ಮೇಲೆ ಗೊತ್ತಾಯಿತು, ಕಿವಿಯಂತ್ರದ ಬ್ಯಾಟರಿ ಸತ್ತು ವಾರವಾಗಿತ್ತು. ಆ ಮೂರು ದಿನ ಗಂಡ ಮಾತ್ರ ಬಹಳ ಆರೋಗ್ಯವಾಗಿದ್ದ.

ಲೇಸರಿನ ಕಥೆಯೂ ಅದೇ. ಸೆನ್ಸರು "ಬೆಳಕೇ ಕಾಣ್ತಿಲ್ಲ" ಎಂದರೆ ಸರ್ಕ್ಯೂಟು ಪಾಪ ನಂಬಿಕೊಂಡು ಕರೆಂಟು ಏರಿಸುತ್ತಲೇ ಹೋಗುತ್ತದೆ. ಕುರುಡು ಸೆನ್ಸರಿಗೆ, ಸಾವು ಲೇಸರಿಗೆ.

ಆ ದಿನ ದೊಡ್ಡ ಗಿರಾಕಿಯೊಬ್ಬ ನಾಲ್ಕಕ್ಕೆ ಮಾದರಿ ನೋಡಲು ಬರುವವನಿದ್ದ. ಉಳಿದದ್ದು ಎರಡೇ ಡಬ್ಬಿ. ಹೊಸ ಲೇಸರು ಬರಲು ತಿಂಗಳು ಬೇಕು. ಯಜಮಾನ ಮೂರೂವರೆಗೆ ಓಡಿಬಂದ.

"ಅಕ್ಕಾ, ಇವತ್ತೊಂದಿನ ನಿನ್ನ ಅನುಮಾನಕ್ಕೆ ರಜೆ ಕೊಡು. ಸೀದಾ ಆನ್ ಮಾಡು."

"ಹತ್ತೇ ನಿಮಿಷ ಯಜಮಾನ್ರೇ, ಕಣ್ಣು ನೋಡ್ಬಿಡ್ತೀನಿ."

"ನಾಲ್ಕಕ್ಕೆ ರೆಡಿ ಇಲ್ದಿದ್ರೆ ನಾಳೆಯಿಂದ ಮನೇಲೇ ಕೂತು ನಿಮ್ಮತ್ತೆ ಕಿವಿ ನೋಡ್ಕೋ!" ಎಂದವನೇ ಒಂದು ಡಬ್ಬಿ ಕಿತ್ತುಕೊಂಡು ಗುಂಡಿ ಒತ್ತಿದ. ಗೆರೆ ಕಣ್ಣು ಕುಕ್ಕುವಂತೆ ಹೊಳೆದು, ಸದ್ದಿಲ್ಲದೆ ಸತ್ತಿತು.

"ಇದ್ದಷ್ಟು ಹೊತ್ತು ಚೆನ್ನಾಗಿತ್ತು," ಎಂದಳು ಅಕ್ಕ.

ಯಜಮಾನ ಎರಡನೆಯದನ್ನು ಅವಳ ಮುಂದಿಟ್ಟ. ಅವಳು ಕರೆಂಟು ಏರದಂತೆ ಕಟ್ಟಿಹಾಕಿ, ಒಂದು ಗುಟುಕಷ್ಟೇ ಬಿಟ್ಟಳು. ಮಂದ ಗೆರೆಯೇನೋ ಬಂತು. ಸೆನ್ಸರಿನ ಮೀಟರಿನಲ್ಲಿ ಮುಳ್ಳು ಅಲುಗಲಿಲ್ಲ. ತಕ್ಷಣ ಆರಿಸಿ, ಮುಚ್ಚಳ ತೆಗೆದು, ಭೂತಗನ್ನಡಿ ಹಿಡಿದವಳು ನಗು ತಡೆಯಲಾರದೆ ಕೆಮ್ಮಿದಳು.

"ಸುಟ್ಟೋಗಿದ್ಯಾ?"

"ಇಲ್ಲ. ಬೆಳಿಗ್ಗೆ ಒಳಗಡೆ ಚೀಟಿ ಅಂಟಿಸಿದ್ದು ಯಾರು?"

"ನಾನೇ. ಟೈಮ್ ಉಳೀಲಿ ಅಂತ."

ಅವಳು ಸೆನ್ಸರಿನ ಕಣ್ಣ ಮೇಲಿಂದ ಉಗುರಗಲದ ಹಸಿರು ಚೀಟಿಯನ್ನು ಕಿತ್ತು ತೋರಿಸಿದಳು. ‘ತಪಾಸಣೆ ಆಗಿದೆ’ ಎಂದಿತ್ತು. ಸತ್ತ ಡಬ್ಬಿಯನ್ನು ಬಿಚ್ಚಿದರೆ ಅಲ್ಲೂ ಅದೇ.

ಮೂರೂ ಐವತ್ತೈದಕ್ಕೆ ಮುಳ್ಳು ಎದ್ದಿತು, ಗೆರೆ ಅಳ್ಳಾಡದೆ ನಿಂತಿತು. ಗಿರಾಕಿ ಬಂದು ತಲೆದೂಗಿದ. ಯಜಮಾನ ಎದೆಯುಬ್ಬಿಸಿ, "ಕಣ್ಣು ನೋಡ್ದೆ ನಾವು ಯಾವ್ದನ್ನೂ ಆನ್ ಮಾಡಲ್ಲ ಸಾರ್. ಮೊದಲಿಂದ್ಲೂ ನನ್ನದು ಇದೇ ಪದ್ಧತಿ," ಎಂದ.

"ಹಾಗಾದ್ರೆ ನಾಳೆ ಅತ್ತೆ ಕಿವಿ ನೋಡೋದು ಬೇಡ್ವಾ ಯಜಮಾನ್ರೇ?" ಎಂದು ಕೇಳಿದಳು ಅಕ್ಕ, ಅದೇ ಚೀಟಿಯನ್ನು ಸತ್ತ ಡಬ್ಬಿಯ ನೆತ್ತಿಗೆ ನೀಟಾಗಿ ಅಂಟಿಸುತ್ತಾ.