ಬಿಟ್ಟ ನಾಮ

ಕಳೆದ ವಾರ ತರೀಕೆರೆಯ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವ ಹುಡುಗಿ ನನ್ನ ಎದೆಗೆ ತಣ್ಣನೆಯ ಜೆಲ್ ಸವರಿದಳು. ಆ ವಾಸನೆಗೆ ಕಡೂರಿನ ನಮ್ಮ ಎದುರುಮನೆಯ ವಿಜ್ಞಾನಿ ನೆನಪಾದ. ಬೆಳಗಿನ ಹೊತ್ತು ನೆನೆಯತಕ್ಕ ಮನುಷ್ಯನಲ್ಲ...

ಮಿದುಳಿನ ನರಕೋಶಗಳು ಒಂದಕ್ಕೊಂದು ಕಳುಹಿಸುವ ಸಂಕೇತಗಳನ್ನು ಗಣಿತದಿಂದ ಅಳೆಯುವುದು ಅವನ ವಿದ್ಯೆ. ಪಾರ್ಶ್ವವಾಯುವಿನಿಂದ ಮಾತು, ಚಲನೆ ಎರಡನ್ನೂ ಕಳೆದುಕೊಂಡಿದ್ದ ತಾಯಿಯನ್ನು ನೋಡಿಕೊಳ್ಳಲು ಯಂತ್ರಸಮೇತನಾಗಿ ಬಂದಿದ್ದ. ಆಕೆಗೆ ಅರಿವು ಉಳಿದಿದೆಯೇ ಎಂಬುದು ಯಾರಿಗೂ ತಿಳಿಯದು. ಆಕೆ ಜೀವಮಾನವೆಲ್ಲ ಪಠಿಸಿದ್ದ ದೇವಿಯ ನಾಮಾವಳಿಯನ್ನು ನಾನು ಸಂಜೆ ಮಂಚದ ಬಳಿ ಕುಳಿತು ಹೇಳುತ್ತಿದ್ದೆ.

"ಮುಂದಿನ ಹೆಸ್ರು ಯಾವ್ದು ಅಂತ ಮೊದ್ಲೇ ಗೊತ್ತಿದ್ರೆ ಅದ್ರಲ್ಲಿ ಮಾಹಿತಿ ಸೊನ್ನೆ ಕಣ್ರೀ ಶಾಸ್ತ್ರಿಗಳೇ. ಊಹೆ ತಪ್ಪಿದಾಗ್ಲೇ ಮಿದುಳು ಸುದ್ದಿ ಕಳ್ಸೋದು," ಎಂದು ನಕ್ಕಿದ್ದ. ದೇವರ ಹೆಸರಿಗೆ ಸೊನ್ನೆ ಹಾಕಿದವನಿಗೆ ಉತ್ತರ ಕೊಡುವುದು ನನ್ನ ನಾಲಿಗೆಗೆ ಅವಮಾನವೆನಿಸಿತು.

ಒಂದು ಸಂಜೆ, ಅಮೃತಾಪುರದ ದೇವಸ್ಥಾನಕ್ಕೆ ಹೋಗಿ ಬಿಸಿಲಿನಲ್ಲಿ ಬಸ್ಸಿಗೆ ಕಾದು ಬಂದ ನನಗೆ, ಪಾರಾಯಣದ ನಡುವೆ ಕೆಮ್ಮು ಬಂದು ಒಂದು ನಾಮ ಬಿಟ್ಟುಹೋಯಿತು. ತಾಯಿಯ ತಲೆಗೆ ಜೆಲ್ ಸವರಿ ಅಂಟಿಸಿದ್ದ ತಂತಿಗಳು ಯಂತ್ರದ ಪರದೆಯ ಮೇಲೆ ದೊಡ್ಡದೊಂದು ಅಲೆಯನ್ನೆಬ್ಬಿಸಿದವು.

"ಕಾಯ್ತಾ ಇದ್ರು ಕಣ್ರೀ. ಬಿಟ್ಟಿದ್ದು ಅಮ್ಮಂಗೆ ಗೊತ್ತಾಯ್ತು," ಎಂದ. ನನ್ನ ಕಣ್ಣು ತುಂಬಿತು.

"ಪಕ್ಕ ಕೂತು ಅಮ್ಮಾ ಅಂತ ಕರಿಯಪ್ಪಾ," ಎಂದೆ.

"ಈ ಅಲೆ ಒಂದ್ಸಲ ಬಂದ್ರೆ ಸಾಲ್ದು, ನೂರ್ಸಲ ಬರ್ಬೇಕು. ನಾಳೆನೂ ಅದೇ ಹೆಸ್ರು ಬಿಡಿ," ಎಂದ, ಪರದೆಯಿಂದ ಕಣ್ಣು ಕೀಳದೆ.

ದೇವಿಯ ನಾಮವನ್ನು ಬೇಕೆಂದೇ ನುಂಗಲು ನಾನು ಒಪ್ಪಲಿಲ್ಲ. ಅವನು ಮೊದಲೇ ಮುದ್ರಿಸಿಕೊಂಡಿದ್ದ ನನ್ನ ಧ್ವನಿಯಿಂದ ಆ ನಾಮವನ್ನು ಕತ್ತರಿಸಿ ತೆಗೆದು, ಉಳಿದ ಪಾರಾಯಣವನ್ನು ದಿನವಿಡೀ ಆಕೆಯ ಕಿವಿಗೆ ಹಾಕಿದ. ಅಲೆ ದಿನೇ ದಿನೇ ಕುಗ್ಗಿ ನಿಂತೇಹೋಯಿತು. ಆ ನಾಮ ಇನ್ನು ಬರುವುದಿಲ್ಲವೆಂಬುದನ್ನು ಆಕೆ ಕಲಿತುಬಿಟ್ಟಿದ್ದರು. ತನ್ನ ಶಾಸ್ತ್ರಕ್ಕೆ ಇದು ಇನ್ನೂ ಒಳ್ಳೆಯ ಸಾಕ್ಷಿಯೆಂದು ಆ ಮಹಾಶಯ ಹಿಗ್ಗಿದ. ಮಾತಿಲ್ಲದ ತಾಯಿಗೆ, ತಾನಿನ್ನೂ ಇದ್ದೇನೆಂದು ತಿಳಿಸಲು ಉಳಿದಿದ್ದುದು ಅದೊಂದೇ ದಾರಿ. ಅದನ್ನು ತುಳಿದು ಅಳಿಸಿದವನು ಹೆತ್ತ ಮಗ. ಇಂಥ ವಿದ್ಯೆಗೆ ನಾನೇಕೆ ಕೈಮುಗಿಯಲಿ?

ಮಳೆಗಾಲ ಕಳೆಯುವುದರೊಳಗೆ ಆಕೆ ತೀರಿಕೊಂಡರು. ಅವನು ಯಂತ್ರವನ್ನು ಆಕೆಯದೇ ಹತ್ತಿಸೀರೆಯಲ್ಲಿ ಜೋಪಾನವಾಗಿ ಸುತ್ತಿ ಕೊಂಡೊಯ್ದ...

ಆಸ್ಪತ್ರೆಯಿಂದ ಬಂದು ಸಂಜೆ ಪಾರಾಯಣಕ್ಕೆ ಕುಳಿತೆ. ಆ ನಾಮ ಬಂದಾಗ ಬೀದಿಗೆ ಕೇಳುವಂತೆ ಹೇಳಿದೆ. ಎದುರುಮನೆಗೆ ಬೀಗ. ಆ ನಾಮಕ್ಕಾಗಿ ಕಾಯುತ್ತಿದ್ದವರು ಈಗಿಲ್ಲ.