ಬೀಡಿ ಕಲಿಸಿದವನು

ಜೇವರ್ಗಿಯ ಬೇಳೆ ಮಿಲ್ಲಿನಲ್ಲಿ ನಾನು ಸೂಪರ್‌ವೈಸರ್ ಆಗಿದ್ದಾಗ, ತೊಗರಿ ಒಡೆಯುವ ಮಷೀನು ನಡೆಸುತ್ತಿದ್ದವರು ನನಗಿಂತ ಹಿರಿಯರೊಬ್ಬರು. ಆ ಸಪ್ಪಳದಲ್ಲಿ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಕೈಯಲ್ಲೇ ಹೇಳುತ್ತಿದ್ದರು. ಎರಡು ಬೆರಳೆತ್ತಿದರೆ ಎರಡು ಚೀಲ ಸುರಿಯಬೇಕು, ಅಂಗೈ ಅಡ್ಡ ಹಿಡಿದರೆ ನಿಲ್ಲಿಸಬೇಕು. ಮಷೀನು ನಿಂತಾಗ ನಾನು ಯಾವ ಕೆಲಸ ಹೇಳಿದರೂ ಅವರದು ಒಂದೇ ಮಾತು: "ಆಗ್ಲಿ ತಗೋರಿ."

ಅವರಿಗೆ ಯಾವ ಚಟವೂ ಇರಲಿಲ್ಲ. ಒಬ್ಬನೇ ಸೇದಲು ಬೇಜಾರಾಗಿ ನಾನೇ ಹೊರಗೆ ಕರೆಯುತ್ತಿದ್ದೆ.

"ಬರ್ರಿ, ಒಂದು ಬೀಡಿ ಸೇದೋಣು. ಕಿವಿಗೂ ಒಂದೀಟು ಆರಾಮ ಸಿಗ್ತದ."

"ಆಗ್ಲಿ ತಗೋರಿ" ಎಂದು ಬರುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಅವರಿಗೆ ದಿನಕ್ಕೊಂದು ಕಟ್ಟು ಬೇಕಾಯಿತು.

ಕೆಲವು ವರ್ಷಗಳ ನಂತರ ಒಂದು ದಿನ, ಮೊಮ್ಮಗಳು ಮಾತಾಡಿದ್ದು ಕೇಳಿಸುವುದಿಲ್ಲ ಎಂದರು. ಕಲಬುರಗಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಪರೀಕ್ಷೆ ಮಾಡಿ, ಅವರ ಕಡೆ ಬಾಗಿ ಜೋರಾಗಿ ಹೇಳಿದರು: "ಮಷೀನಿನ ಸಪ್ಪಳಕ್ಕ ಕಿವಿ ಹಾಳಾಗ್ಯಾವ್ರಿ. ಮ್ಯಾಲೆ ಬೀಡಿ ಸೇದಿದ್ರ ಕಿವಿಯೊಳಗ ರಕ್ತ ಸರಿಯಾಗಿ ಹರಿಯಂಗಿಲ್ಲ, ಇನ್ನೂ ಜಾಸ್ತಿ ಹಾಳಾಗ್ತಾವ. ಹೋದದ್ದು ತಿರುಗಿ ಬರಂಗಿಲ್ಲ. ಯಾರು ಕಲಿಸಿದ್ರು ಈ ಚಟ?"

ಅವರು ನನ್ನ ಕಡೆ ನೋಡಲಿಲ್ಲ. "ಯಾರೂ ಇಲ್ರಿ. ನಾನೇ ಕಲ್ತೀನ್ರಿ" ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಕುಳಿತಾಗ ಮೆಲ್ಲಗೆ "ತಪ್ಪು ನಂದೇ ಅದರಿ" ಎಂದೆ. ಅವರಿಗೆ ಕೇಳಲಿಲ್ಲ. "ಏನಂದ್ರಿ?" ಎಂದು ಕಿವಿಗೆ ಕೈ ಆನಿಸಿ ಹತ್ತಿರ ಸರಿದರು. ಕೂಗಿ ಹೇಳಬೇಕಿತ್ತು. ಸುತ್ತ ಜನರಿದ್ದರು.

"ಬಸ್ ಬಂತ್ರಿ!" ಎಂದು ಕೂಗಿದೆ.

ಅವರು ಕೈಚೀಲ ಎತ್ತಿಕೊಂಡು ಎದ್ದು, ಇನ್ನೂ ಬಾರದ ಬಸ್ಸನ್ನು ಹುಡುಕತೊಡಗಿದರು.